ಹೂಂ ಅಂದಿದ್ದೆಯಲ್ಲೋ!

ಈ ಸಲ ಸಂಕ್ರಾಂತಿಗೆ ಊರಿಗೆ ಹೋದಾಗ ಕೊಟ್ಟಿಗೆ ಖಾಲಿ ಇತ್ತು.

ನಮ್ಮೂರು ಅರಸೀಕೆರೆ ತಾಲ್ಲೂಕು. ಯಶವಂತಪುರದಲ್ಲಿ ಬೆಳಗಿನ ರೈಲು ಹತ್ತಿ, ಅರಸೀಕೆರೆಯಲ್ಲಿ ಇಳಿದು, ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಕೊಂಬಿಗೆ ಬಳಿಯೋ ಬಣ್ಣ ತಗೊಂಡು ಮನೆ ಸೇರೋ ಹೊತ್ತಿಗೆ ಮಧ್ಯಾಹ್ನ ಆಗಿತ್ತು. ಬ್ಯಾಗನ್ನ ಜಗಲಿ ಮೇಲಿಟ್ಟು, ಕಾಲು ತೊಳ್ಕೊಂಡು, ಯಾವತ್ತಿನ ಹಾಗೆ ನೇರ ಹಿತ್ತಲಿಗೆ ಹೋದೆ. ಗೂಟ ಇತ್ತು, ಹಗ್ಗ ಇತ್ತು, ಕಲಗಚ್ಚಿನ ಬಾನಿ ಒಣಗಿ ಬಿದ್ದಿತ್ತು. ಕೆಂಪಿ ಇರಲಿಲ್ಲ.

‘ಮೇಯೋಕೆ ಬಿಟ್ಟಿದೀರಾ?’ ಅಂತ ಅಲ್ಲಿಂದಲೇ ಕೂಗಿದೆ.

ಅವ್ವ ಅಡುಗೆ ಮನೆ ಬಾಗಿಲಿಗೆ ಬಂದು ನನ್ನ ಮುಖ ನೋಡಿದಳು. ‘ಕೊಟ್ಟು ತಿಂಗಳಾಯ್ತಲ್ಲೋ. ಗಂಡಸಿ ಕಡೆಯೋರು, ಹಾಲಿಗೆ ಅಂತಲೇ ಹೊಡ್ಕೊಂಡು ಹೋದ್ರು.’

‘ನನ್ನನ್ನ ಒಂದು ಮಾತೂ ಕೇಳಲಿಲ್ವಲ್ಲ!’

‘ಕೇಳಿದ್ನಲ್ಲಪ್ಪ. ನಿಮ್ಮಪ್ಪಂಗೆ ಮಂಡಿ ಬಗ್ಗಲ್ಲ, ಕೂತು ಹಾಲು ಕರೆಯೋಕಾಗಲ್ಲ, ನಾನೊಬ್ಬಳೇ ಎಲ್ಲಿಂದ ಹುಲ್ಲು ತರ್ಲಿ, ಕೊಟ್ಟುಬಿಡೋಣ್ವಾ ಅಂತ ಮೂರು ದಿನ ಫೋನಲ್ಲಿ ಕೇಳಿದೀನಿ. ನೀನೇ ಹೂಂ ಅಂದಿದ್ದೆಯಲ್ಲೋ!’

ನನಗೆ ಒಂದಕ್ಷರವೂ ನೆನಪಿರಲಿಲ್ಲ.

ಕೆಂಪಿ ನಮ್ಮ ಮನೆಯಲ್ಲೇ ಹುಟ್ಟಿದ ಹಸು. ಅದರ ತಾಯಿಯ ಹಾಲನ್ನ ಡೇರಿಗೆ ಹಾಕಿ ಬಂದ ದುಡ್ಡಲ್ಲೇ ನನ್ನ ಬಿಇ ಹಾಸ್ಟೆಲ್ ಫೀಸು ಕಟ್ಟಿದ್ದು. ಹಾಗಂತ ಮಾರಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಸರಿಯಾಗಿ ಕೇಳಿಸಿಕೊಂಡಿದ್ರೂ ಬಹುಶಃ ‘ಕೊಡಿ’ ಅಂತಲೇ ಅಂತಿದ್ದೆ. ಆದ್ರೆ ಅವ್ವನಿಗೆ ಬೇಕಿದ್ದದ್ದು ನನ್ನ ಅಪ್ಪಣೆ ಅಲ್ಲ. ಮನೇಲಿ ಹುಟ್ಟಿ ಬೆಳೆದ ದನ ಕೊಡುವಾಗ ಅವಳಿಗೆ ಒಂದು ಜೊತೆ ಬೇಕಿತ್ತು. ಅಪ್ಪನ ಮಂಡಿ ಅಷ್ಟು ಕೆಟ್ಟಿದೆ ಅನ್ನೋದನ್ನ ಯಾರಾದ್ರೂ ಕೇಳಿಸಿಕೊಳ್ಳಬೇಕಿತ್ತು. ಅವಳಿಗೆ ಸಿಕ್ಕಿದ್ದು ಮೂರು ‘ಹೂಂ’.

ನಾವು ಸಾಫ್ಟ್‌ವೇರಿನವರಿಗೆ ಒಂದು ಗುಣ ಇದೆ. ಏನಾದ್ರೂ ಕೆಟ್ಟರೆ ಮೊದಲು ಲಾಗ್ ತೆಗೆದು ನೋಡ್ತೀವಿ. ಬೆಂಗಳೂರಿಗೆ ವಾಪಸ್ ಬಂದವನೇ ಫೋನಿನ ಕಾಲ್ ಹಿಸ್ಟರಿ ತೆಗೆದೆ. ಡಿಸೆಂಬರ್ 9, ರಾತ್ರಿ 8.34ಕ್ಕೆ ಅವ್ವನ ಕರೆ, ಹದಿನಾಲ್ಕು ನಿಮಿಷ. ಆಮೇಲೆ ನಾನು ಹೆಚ್ಚು ಹೊತ್ತು ಕಳೆಯೋ ಆ್ಯಪ್‌ನಿಂದ ನನ್ನ ಡೇಟಾ ಡೌನ್‌ಲೋಡ್ ಮಾಡಿಕೊಂಡೆ. ಯಾವ ಕ್ಷಣದಲ್ಲಿ ಯಾವುದಕ್ಕೆ ಲೈಕ್ ಒತ್ತಿದ್ದೆ ಅಂತ ಅದರಲ್ಲಿ ಸೆಕೆಂಡಿನ ಲೆಕ್ಕದಲ್ಲಿರುತ್ತೆ. ಆ ಹದಿನಾಲ್ಕು ನಿಮಿಷದೊಳಗೆ ನಾನು ಮೂರು ರೀಲ್ಸಿಗೆ ಲೈಕ್ ಒತ್ತಿದ್ದೆ. ಅವ್ವನನ್ನ ಸ್ಪೀಕರಿಗೆ ಹಾಕಿ, ವಿಡಿಯೋ ಶಬ್ದ ಬಂದ್ ಮಾಡಿ, ಹೆಬ್ಬೆರಳು ಆಡಿಸ್ತಾ ಕೂತಿದ್ದೆ. ಮೂರರಲ್ಲಿ ಒಂದು ಯಾರದೋ ಹಳ್ಳಿ ಮನೆಯ ವಿಡಿಯೋ. ಕರು ಒಂದು ಅಂಗಳದಲ್ಲಿ ಕುಣೀತಿತ್ತು.

ಅವತ್ತಿನಿಂದ ಈ ಪ್ರಶ್ನೆ ತಲೇಲಿ ಕೂತಿದೆ. ನನಗಿರೋದು ಚಟವಾ? ಸೋಶಿಯಲ್ ಮೀಡಿಯಾ ಅನ್ನೋದು ಕುಡಿತದ ಹಾಗೆ, ಜೂಜಿನ ಹಾಗೆ ಚಟ ಆಗೋಕೆ ಸಾಧ್ಯವಾ? ಅಥವಾ ನನ್ನ ಸೋಮಾರಿತನಕ್ಕೆ, ಅಸಡ್ಡೆಗೆ ನಾನೊಂದು ದೊಡ್ಡ ಹೆಸರು ಹುಡುಕ್ತಾ ಇದೀನಾ?

*

ಕನ್ನಡದಲ್ಲಿ ಇದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಪದಗಳಿವೆ. ಅಭ್ಯಾಸ, ಹವ್ಯಾಸ, ಚಟ, ಗೀಳು, ವ್ಯಸನ. ಬೆಳಗ್ಗೆ ಕಾಫಿ ಕುಡಿಯೋದು ಅಭ್ಯಾಸ, ಗಿಡ ಬೆಳೆಸೋದು ಹವ್ಯಾಸ, ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕೋದು ಚಟ. ಕಡೇ ಮೆಟ್ಟಿಲು ವ್ಯಸನ. ಆ ಪದಕ್ಕೆ ನಮ್ಮಲ್ಲಿ ಇನ್ನೊಂದು ಅರ್ಥವೂ ಇದೆ, ದುಃಖ. ಯಾರಾದ್ರೂ ತೀರಿಕೊಂಡಾಗ ‘ವ್ಯಸನಪಡಬೇಡಿ’ ಅಂತ ಸಮಾಧಾನ ಹೇಳ್ತೀವಿ. ಬಿಡಲಾಗದ್ದಕ್ಕೂ ದುಃಖಕ್ಕೂ ಒಂದೇ ಪದ ಯಾಕೆ ಅಂತ ನನಗೆ ಚಿಕ್ಕವನಿದ್ದಾಗಲೇ ಗೊತ್ತಾಗಿತ್ತು. ಯಾಕಂದ್ರೆ ನಮ್ಮ ಮನೆಯಲ್ಲಿ ದೊಡ್ಡಪ್ಪ ಇದ್ದರು.

ನಮ್ಮ ಕಡೆ ಯುಗಾದಿ ಮಾರನೇ ದಿನ, ಹೊಸತೊಡಕಿಗೆ, ಇಸ್ಪೀಟು ಆಡೋದು ಬಹಳ ಊರುಗಳಲ್ಲಿ ರೂಢಿ. ಅಪ್ಪನೂ ಆಡ್ತಿದ್ದ. ಎರಡು ದಿನ ಅರಳಿಕಟ್ಟೆ ಮೇಲೆ ಕೂತು ಐವತ್ತೋ ನೂರೋ ಸೋತು, ಮೂರನೇ ದಿನ ಟವೆಲ್ ಕೊಡವಿಕೊಂಡು ಎದ್ದು ಹೊಲಕ್ಕೆ ಹೋದ ಅಂದ್ರೆ ಮುಂದಿನ ಯುಗಾದಿವರೆಗೆ ಎಲೆ ಮುಟ್ಟುತ್ತಿರಲಿಲ್ಲ. ದೊಡ್ಡಪ್ಪನ ಯುಗಾದಿ ಮಾತ್ರ ಮುಗಿಯುತ್ತಲೇ ಇರಲಿಲ್ಲ. ಹೊಸತೊಡಕಿನ ಆಟ ಪಕ್ಕದೂರಿಗೆ ಹೋಗ್ತಿತ್ತು, ಅಲ್ಲಿಂದ ಯಾರದೋ ತೋಟದ ಪಂಪ್‌ಸೆಟ್ ಮನೆಗೆ ಹೋಗ್ತಿತ್ತು.

ಆಗ ತ್ರೀಫೇಸ್ ಕರೆಂಟ್ ಬರ್ತಿದ್ದದ್ದು ರಾತ್ರಿ. ಕರೆಂಟ್ ಬಂದಾಗ ನೀರು ಹಾಯಿಸದಿದ್ರೆ ಆ ದಿನ ತೋಟಕ್ಕೆ ನೀರಿಲ್ಲ. ‘ಹೋಗು, ನಿಮ್ಮ ದೊಡ್ಡಪ್ಪನ್ನ ಕರ್ಕೊಂಡು ಬಾ’ ಅಂತ ನನ್ನ ಕೈಗೆ ಬ್ಯಾಟರಿ ಕೊಟ್ಟು ಕಳಿಸೋರು. ನಾನು ಹೋಗಿ ಬಾಗಿಲಲ್ಲಿ ನಿಂತು ‘ದೊಡ್ಡಪ್ಪ, ಕರೆಂಟ್ ಬಂತು’ ಅಂದ್ರೆ ಅವರು ತಲೆ ಎತ್ತದೆ, ಕೈಲಿದ್ದ ಎಲೆ ನೋಡ್ತಾನೇ, ‘ಹೂಂ, ನೀ ನಡಿ, ಬಂದೆ’ ಅನ್ನೋರು. ಬರ್ತಿರಲಿಲ್ಲ. ಕೆಟ್ಟ ಮನುಷ್ಯ ಅಲ್ಲ ಅವರು. ನನಗೆ ಸೈಕಲ್ ಕಲಿಸಿದ್ದೇ ಅವರು. ಆ ‘ಬಂದೆ’ ಅನ್ನೋದು ಸುಳ್ಳೂ ಆಗಿರಲಿಲ್ಲ. ಹೇಳೋ ಕ್ಷಣದಲ್ಲಿ ಅವರು ನಿಜವಾಗಿಯೂ ಬರಬೇಕು ಅಂತಲೇ ಅಂದುಕೊಳ್ತಿದ್ದರು. ಕಡೆಗೆ ಅವರ ಪಾಲಿನ ತೆಂಗಿನ ತೋಟ ಕೈಬಿಟ್ಟಿತು.

ಊರಲ್ಲಿ ಎಲ್ಲರೂ ಆಡ್ತಿದ್ದರು. ಆದರೆ ‘ಇಸ್ಪೀಟಿನ ಚಟ’ ಅಂತ ಊರು ಹೇಳ್ತಿದ್ದದ್ದು ದೊಡ್ಡಪ್ಪನೊಬ್ಬರಿಗೇ. ಊರಿಗೆ ಅದು ಹೇಗೆ ಗೊತ್ತಾಗ್ತಿತ್ತು? ಎಷ್ಟು ಗಂಟೆ ಆಡ್ತಾರೆ ಅಂತ ಯಾರೂ ಲೆಕ್ಕ ಇಟ್ಟಿರಲಿಲ್ಲ. ಊರಿನ ಪರೀಕ್ಷೆ ಒಂದೇ ಪ್ರಶ್ನೆಯದ್ದು: ಕರೆದಾಗ ಎದ್ದು ಬರ್ತಾನಾ?

*

ಇನ್ನು ಡಾಕ್ಟರುಗಳು ಏನಂತಾರೆ ನೋಡೋಣ. ಈ ಕಥೆ ಶುರುವಾಗಿದ್ದೇ ಒಂದು ತಮಾಷೆಯಿಂದ. 1995ರಲ್ಲಿ ಇವಾನ್ ಗೋಲ್ಡ್‌ಬರ್ಗ್ ಅನ್ನೋ ನ್ಯೂಯಾರ್ಕಿನ ಮನೋವೈದ್ಯರೊಬ್ಬರು ‘ಇಂಟರ್ನೆಟ್ ಚಟದ ಕಾಯಿಲೆ’ ಅಂತ ಒಂದನ್ನ ಹುಟ್ಟುಹಾಕಿ, ಅದರ ಲಕ್ಷಣಗಳ ಪಟ್ಟಿ ಬರೆದರು. ಮನೋವೈದ್ಯರ ದಪ್ಪ ಕೈಪಿಡಿ ಎಲ್ಲದಕ್ಕೂ ಒಂದು ಕಾಯಿಲೆಯ ಹೆಸರು ಕೊಡುತ್ತೆ ಅನ್ನೋದನ್ನ ಅಣಕಿಸೋಕೆ ಅವರು ಹಾಗೆ ಮಾಡಿದ್ದು. ಆದ್ರೆ ಅದನ್ನ ಓದಿದ ಜನ ನಗೋ ಬದಲು ‘ನನಗೂ ಇದೇ ಇದೆ’ ಅನ್ನೋಕೆ ಶುರುಮಾಡಿದರು.

ಬಹಳ ಕಾಲ ‘ಚಟ’ ಅನ್ನೋ ಮಾತು ವೈದ್ಯರ ಲೆಕ್ಕದಲ್ಲಿ ಮದ್ಯ, ಅಫೀಮು, ತಂಬಾಕಿನಂತಹ ದೇಹದೊಳಕ್ಕೆ ಹೋಗೋ ವಸ್ತುಗಳಿಗೇ ಸೀಮಿತವಾಗಿತ್ತು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯ ಐದನೇ ಆವೃತ್ತಿ ತಂದಾಗ ಜೂಜನ್ನೂ ಇದೇ ಚಟಗಳ ಸಾಲಿಗೆ ಸೇರಿಸಿತು. ಅಂದ್ರೆ ದೇಹದೊಳಕ್ಕೆ ಏನೂ ಹೋಗದೆಯೂ ಚಟ ಆಗಬಹುದು ಅಂತ ಒಪ್ಪಿಕೊಂಡ ಹಾಗಾಯ್ತು. ನಮ್ಮೂರು ಇದನ್ನ ಮೊದಲೇ ಒಪ್ಪಿತ್ತು, ಆ ಮಾತು ಬೇರೆ. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಹೊಸ ಪಟ್ಟಿಗೆ ಗೇಮಿಂಗ್ ಚಟವನ್ನ ಸೇರಿಸಿತು. ಆ ಪಟ್ಟಿಗೆ 2019ರಲ್ಲಿ ಒಪ್ಪಿಗೆ ಸಿಕ್ಕಿತು, 2022ರ ಜನವರಿಯಿಂದ ಜಾರಿಗೆ ಬಂತು. ಅದಕ್ಕೆ ಕೊಟ್ಟಿರೋ ಲಕ್ಷಣಗಳು ಮುಖ್ಯವಾಗಿ ಮೂರು. ಆಟದ ಮೇಲೆ ಹಿಡಿತ ತಪ್ಪೋದು. ಬೇರೆಲ್ಲ ಕೆಲಸಕ್ಕಿಂತ ಆಟವೇ ಮುಂದಾಗೋದು. ಕೆಡುಕಾಗ್ತಿದೆ ಅಂತ ಕಂಡರೂ ಮುಂದುವರಿಸೋದು. ಅದೂ ಸಾಮಾನ್ಯವಾಗಿ ಒಂದು ವರ್ಷದಷ್ಟಾದರೂ ಹೀಗೇ ನಡೆದಿರಬೇಕು, ಬದುಕಿಗೆ ನಿಜವಾದ ಪೆಟ್ಟು ಬಿದ್ದಿರಬೇಕು. ಇದನ್ನ ಓದಿದಾಗ ನನಗೆ ಕಂಡಿದ್ದು ಬ್ಯಾಟರಿ ಬೆಳಕಲ್ಲಿ ಕೂತ ದೊಡ್ಡಪ್ಪನ ತಲೆ.

ಆದ್ರೆ ಗಮನಿಸಿ, ಎರಡೂ ಪುಸ್ತಕಗಳಲ್ಲಿ ಸೋಶಿಯಲ್ ಮೀಡಿಯಾ ಚಟ ಅನ್ನೋ ಪ್ರತ್ಯೇಕ ಕಾಯಿಲೆ ಇಲ್ಲ. ಸೇರಿಸೋಕೆ ಹಿಂಜರಿಯೋರ ಕಾರಣಗಳನ್ನ ತಳ್ಳಿಹಾಕೋ ಹಾಗೂ ಇಲ್ಲ. ದಿನಾ ಕುಡಿಯೋನು ಒಮ್ಮೆಲೇ ಬಿಟ್ಟರೆ ಕೈ ನಡುಗಿ, ಫಿಟ್ಸ್ ಬಂದು, ಜೀವವೇ ಹೋಗಬಹುದು. ಫೋನ್ ಕಿತ್ತುಕೊಂಡರೆ ನಾನು ಚಡಪಡಿಸ್ತೀನಿ, ಸಾಯಲ್ಲ. 2019ರಲ್ಲಿ ಏಮಿ ಆರ್ಬೆನ್ ಮತ್ತು ಆಂಡ್ರ್ಯೂ ಪ್ರಿಬಿಲ್ಸ್ಕಿ ಅನ್ನೋ ಸಂಶೋಧಕರು ಲಕ್ಷಾಂತರ ಹದಿಹರೆಯದವರ ಮಾಹಿತಿ ಇಟ್ಟುಕೊಂಡು ಲೆಕ್ಕ ಹಾಕಿದರು. ಅವರ ನೆಮ್ಮದಿಯಲ್ಲಿ ಕಾಣೋ ಏರುಪೇರಿನಲ್ಲಿ ಡಿಜಿಟಲ್ ಬಳಕೆಯ ಜೊತೆ ತಳುಕು ಹಾಕಬಹುದಾದದ್ದು ಹೆಚ್ಚೆಂದರೆ ಶೇಕಡಾ 0.4. ಆಲೂಗಡ್ಡೆ ತಿನ್ನೋದಕ್ಕೂ ನೆಮ್ಮದಿಗೂ ಅದೇ ಮಾಹಿತಿಯಲ್ಲಿ ಹೆಚ್ಚುಕಮ್ಮಿ ಅಷ್ಟೇ ನಂಟು ಕಂಡಿತ್ತು! ಸರಾಸರಿ ಮನುಷ್ಯನ ಬಗ್ಗೆ ಎಚ್ಚರದಿಂದ ಮಾತಾಡಿ ಅಂತ ಇದು ಹೇಳುತ್ತೆ. ಆದ್ರೆ ಚಟ ಹತ್ತೋದು ಸರಾಸರಿ ಮನುಷ್ಯನಿಗಲ್ಲ. ಹೊಸತೊಡಕಿಗೆ ಆಡಿದ ಊರಿನವರನ್ನೆಲ್ಲ ಸೇರಿಸಿ ಸರಾಸರಿ ತೆಗೆದಿದ್ರೆ ದೊಡ್ಡಪ್ಪ ಅದರಲ್ಲಿ ಕಾಣ್ತಾನೇ ಇರಲಿಲ್ಲ.

ಗಂಟೆಯ ಲೆಕ್ಕವೂ ಅಷ್ಟೇ. ನನ್ನ ಫೋನು ದಿನಕ್ಕೆ ನಾಲ್ಕು ಗಂಟೆ ಅಂತ ತೋರಿಸುತ್ತೆ. ಮಸ್ಕತ್‌ನಲ್ಲಿ ಕೆಲಸ ಮಾಡೋ ನನ್ನ ಹೈಸ್ಕೂಲ್ ಗೆಳೆಯನದ್ದು ಐದು ಗಂಟೆ. ಅದರಲ್ಲಿ ಮೂರು ಗಂಟೆ ಅವನು ಹೆಂಡತಿ ಮಗಳ ಜೊತೆ ವಿಡಿಯೋ ಕಾಲಲ್ಲಿರ್ತಾನೆ. ಅಲ್ಲಿಂದಲೇ ಮಗಳಿಗೆ ಮಗ್ಗಿ ಹೇಳಿಕೊಡ್ತಾನೆ. ಅವನ ಐದಕ್ಕೂ ನನ್ನ ನಾಲ್ಕಕ್ಕೂ ಎಲ್ಲಿಯ ಹೋಲಿಕೆ?

*

2021ರ ಅಕ್ಟೋಬರ್ 4ರ ರಾತ್ರಿ ನಿಮಗೆ ನೆನಪಿರಬಹುದು. ಒಂಬತ್ತು ದಾಟಿದ ಮೇಲೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಒಟ್ಟಿಗೇ ನಿಂತುಹೋದವು. ಸುಮಾರು ಆರು ಗಂಟೆ ಕಾಲ ಇಡೀ ಜಗತ್ತಿನಲ್ಲಿ. ನಿರ್ವಹಣೆಯ ಕೆಲಸ ಮಾಡುವಾಗ ಕೊಟ್ಟ ಒಂದು ತಪ್ಪು ಕಮಾಂಡಿನಿಂದ ಅವರ ಡೇಟಾ ಸೆಂಟರುಗಳ ನಡುವಿನ ಸಂಪರ್ಕ ಕಡಿದುಹೋಗಿ, ‘ನಮ್ಮ ಮನೆಗೆ ದಾರಿ ಇದು’ ಅಂತ ಉಳಿದ ಇಂಟರ್ನೆಟ್ಟಿಗೆ ಹೇಳೋ ವ್ಯವಸ್ಥೆಯೇ ಅಳಿಸಿಹೋಗಿತ್ತು.

ಆ ದಾರಿ ಅಳಿಸಿಹೋಗಿದೆ ಅನ್ನೋದು ನನಗೆ ಅವತ್ತೇ ರಾತ್ರಿ ಗೊತ್ತಾಗಿತ್ತು. ಎಂಜಿನಿಯರುಗಳ ಗುಂಪಿನಲ್ಲಿ ಓದಿದ್ದೆ. ತಮಾಷೆ ಇರೋದು ಇಲ್ಲಿ. ರಿಪೇರಿಗೆ ಗಂಟೆಗಟ್ಟಲೆ ಹಿಡಿಯುತ್ತೆ ಅಂತ ಚೆನ್ನಾಗಿ ಗೊತ್ತಿದ್ದ ನಾನು ಎರಡೆರಡು ನಿಮಿಷಕ್ಕೆ ಫೋನ್ ತೆಗೆದು ನೋಡ್ತಿದ್ದೆ. ನೋಡ್ತಿದ್ದೆ ಅನ್ನೋದೂ ತಪ್ಪು. ಕೈ ತಾನಾಗಿ ಜೇಬಿಗೆ ಹೋಗ್ತಿತ್ತು, ಹೆಬ್ಬೆರಳು ತಾನಾಗಿ ಆ ಮೂಲೆ ಮುಟ್ಟುತ್ತಿತ್ತು, ಖಾಲಿ ಪರದೆ ಕಂಡಾಗಲೇ ‘ಓ, ಇಲ್ವಲ್ಲ’ ಅಂತ ಬುದ್ಧಿ ಎಚ್ಚರವಾಗ್ತಿತ್ತು. ತಲೆಗೆ ಗೊತ್ತಿರೋದು ಕೈಗೆ ಗೊತ್ತಿರಲಿಲ್ಲ. ಹತ್ತೂವರೆಗೆ ನಾನೂ ನನ್ನ ಹೆಂಡತಿಯೂ ಬೇರೇನೂ ಮಾಡೋಕೆ ತೋಚದೆ ಮಲಗಿದೆವು. ಎಷ್ಟೋ ತಿಂಗಳ ಮೇಲೆ ಚೆನ್ನಾಗಿ ನಿದ್ದೆ ಬಂತು. ಬೆಳಗ್ಗೆ ಎದ್ದು, ಮುಖ ತೊಳೆಯೋಕೂ ಮುಂಚೆ, ಸರಿಹೋಗಿದೆಯಾ ಅಂತ ನೋಡಿದೆ. ಸರಿಹೋಗಿತ್ತು. ಒಂಬತ್ತು ಗಂಟೆಯ ಮೀಟಿಂಗಿಗೆ ತಡವಾದೆ.

ಇದು ಕಾಯಿಲೆಯಾ? ಇಲ್ಲ ಅಂತಲೇ ನನ್ನ ಲೆಕ್ಕ. ನನ್ನ ಕೆಲಸ ಹೋಗಿಲ್ಲ, ಸಂಸಾರ ಮುರಿದಿಲ್ಲ. ಆದ್ರೆ ಇದು ಬರೀ ಅಭ್ಯಾಸವಾ? ಬೆಳಗಿನ ಕಾಫಿ ನನ್ನ ಅಭ್ಯಾಸ, ಅದು ನನ್ನನ್ನ ಅವ್ವನ ಮಾತು ಕೇಳಿಸಿಕೊಳ್ಳದ ಹಾಗೆ ಮಾಡಿಲ್ಲ. ಅಭ್ಯಾಸಕ್ಕೂ ವ್ಯಸನಕ್ಕೂ ನಡುವಿನ ಮೆಟ್ಟಿಲ ಮೇಲೆ ಎಲ್ಲೋ ಕಾಲಿಟ್ಟಿದೀನಿ. ನಮ್ಮಲ್ಲಿ ಬಹಳ ಜನ ಅಲ್ಲೇ ನಿಂತಿದೀವಿ ಅನ್ಸುತ್ತೆ.

*

ಈಗ ನನ್ನ ಕಡೆಯ ಒಂದು ತಪ್ಪೊಪ್ಪಿಗೆ.

ಹಿಂದಿನ ಕೆಲಸವೊಂದರಲ್ಲಿ ನಾನು ನೋಟಿಫಿಕೇಶನ್ ತಂಡದಲ್ಲಿದ್ದೆ. ಕಂಪನಿ ಯಾವುದು ಅನ್ನೋದು ಬೇಡ. ಮೂರು ದಿನ ಆ್ಯಪ್ ತೆಗೆಯದವರನ್ನ ವಾಪಸ್ ಕರೆತರೋದು ನಮ್ಮ ಕೆಲಸ. ಇಬ್ಬಗೆಯ ಸಂದೇಶ ಬರೆದು, ಅರ್ಧ ಜನಕ್ಕೆ ಒಂದು, ಇನ್ನರ್ಧ ಜನಕ್ಕೆ ಇನ್ನೊಂದು ಕಳಿಸಿ, ಯಾವುದನ್ನ ಹೆಚ್ಚು ಜನ ಒತ್ತುತ್ತಾರೋ ಅದನ್ನ ಉಳಿಸಿಕೊಳ್ತಿದ್ದೆವು. ವಿಷಯವನ್ನ ಪೂರ್ತಿ ಹೇಳಿದ ಸಂದೇಶ ಯಾವಾಗಲೂ ಸೋಲ್ತಿತ್ತು. ಅರ್ಧ ಹೇಳಿ ನಿಲ್ಲಿಸಿದ್ದು ಗೆಲ್ತಿತ್ತು. ಒಬ್ಬೊಬ್ಬರೂ ದಿನದ ಯಾವ ಹೊತ್ತಲ್ಲಿ ಫೋನ್ ಹಿಡಿದಿರ್ತಾರೆ ಅಂತ ಲೆಕ್ಕ ಹಾಕಿ ಸರಿಯಾಗಿ ಆ ಹೊತ್ತಿಗೇ ಕಳಿಸೋ ಕೋಡ್ ಬರೆದವನು ನಾನೇ. ಆ ವರ್ಷದ ಅಪ್ರೈಸಲ್ ಚೆನ್ನಾಗಿಯೇ ಆಯ್ತು. ಆ ಹೊತ್ತಲ್ಲಿ ಅವರು ಯಾರ ಜೊತೆ ಮಾತಾಡ್ತಾ ಇರಬಹುದು ಅಂತ ನಾನೊಮ್ಮೆಯೂ ಯೋಚಿಸಲಿಲ್ಲ. ನಮ್ಮ ಡ್ಯಾಶ್‌ಬೋರ್ಡಿನಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.

ಇದರ ಹಿಂದಿನ ತಿಳುವಳಿಕೆ ಹೊಸದೇನಲ್ಲ. ಬಿ. ಎಫ್. ಸ್ಕಿನ್ನರ್ ಅನ್ನೋ ಮನಶ್ಶಾಸ್ತ್ರಜ್ಞ ಪಾರಿವಾಳಗಳನ್ನ ಪೆಟ್ಟಿಗೆಯಲ್ಲಿಟ್ಟು ಪ್ರಯೋಗ ಮಾಡಿದ್ದರು. ಗುಂಡಿ ಕುಕ್ಕಿದರೆ ಕಾಳು ಬೀಳುತ್ತೆ. ಇಂತಿಷ್ಟು ಸಲ ಕುಕ್ಕಿದರೆ ಒಂದು ಕಾಳು ಅಂತ ಲೆಕ್ಕ ಖಚಿತವಾಗಿದ್ದರೆ ಪಾರಿವಾಳ ಕಾಳು ತಿಂದು ಸ್ವಲ್ಪ ಸುಧಾರಿಸಿಕೊಳ್ಳುತ್ತೆ. ಎಷ್ಟನೇ ಸಲಕ್ಕೆ ಬೀಳುತ್ತೆ ಅನ್ನೋದು ಗೊತ್ತಿಲ್ಲದ ಹಾಗೆ ಮಾಡಿದರೆ ಬಿಡದೆ ಕುಕ್ಕುತ್ತೆ. ಕಾಳು ಪೂರ್ತಿ ನಿಲ್ಲಿಸಿದ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತೆ. 1957ರಲ್ಲೇ ಸ್ಕಿನ್ನರ್ ಮತ್ತು ಚಾರ್ಲ್ಸ್ ಫರ್ಸ್ಟರ್ ಇದನ್ನ ದೊಡ್ಡ ಪುಸ್ತಕವಾಗಿ ತಂದರು. ಜೂಜಿನ ಯಂತ್ರ ನಡೆಯೋದು ಈ ಲೆಕ್ಕದ ಮೇಲೆ. ಪರದೆಯನ್ನ ಹೆಬ್ಬೆರಳಿಂದ ಕೆಳಕ್ಕೆ ಎಳೆದು ಬಿಟ್ಟಾಗ ಒಂದು ಚಕ್ರ ಸುತ್ತಿ ಹೊಸದೇನೋ ಬರುತ್ತಲ್ಲ, ಅದೂ ಈ ಲೆಕ್ಕಕ್ಕೇ ಬರುತ್ತೆ. ಹತ್ತರಲ್ಲಿ ಒಂಬತ್ತು ಸಲ ಸಪ್ಪೆ, ಒಂದು ಸಲ ಸಕ್ಕರೆ. ಒಂಬತ್ತೂ ಸಪ್ಪೆ ಇರೋದರಿಂದಲೇ ಹತ್ತನೆಯದಕ್ಕೆ ಕೈ ಹೋಗುತ್ತೆ.

ಇನ್ನೊಂದು ಇದೆ. ಮೊದಲೆಲ್ಲ ವೆಬ್ ಪುಟದ ಕೊನೇಲಿ ‘ಮುಂದಿನ ಪುಟ’ ಅಂತ ಒಂದು ಗುಂಡಿ ಇರ್ತಿತ್ತು. 2006ರಲ್ಲಿ ಏಜಾ ರಾಸ್ಕಿನ್ ಅನ್ನೋ ವಿನ್ಯಾಸಕಾರ ಆ ಗುಂಡಿ ಬೇಕಿಲ್ಲದ, ಕೆಳಗೆ ಹೋದ ಹಾಗೆ ತಾನಾಗಿ ಬರ್ತಾನೇ ಇರೋ ಪುಟ ಮಾಡಿದರು. ಬಳಸೋರಿಗೆ ಅನುಕೂಲ ಆಗಲಿ ಅಂತಲೇ ಮಾಡಿದ್ದು. ಆಮೇಲೆ ಅದರ ಬಗ್ಗೆ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು. ಆ ಗುಂಡಿ ನೋಡೋಕೆ ಒಂದು ತೊಡಕು. ಆದ್ರೆ ಅದು ಏಳೋ ಜಾಗವೂ ಆಗಿತ್ತು. ನಮ್ಮ ಹಳೇ ಮನರಂಜನೆಗಳಿಗೆಲ್ಲ ಇಂತಹ ಜಾಗ ಇತ್ತು. ಹರಿಕಥೆಗೆ ಮಂಗಳ ಇತ್ತು, ನಾಟಕಕ್ಕೆ ಪರದೆ ಬೀಳ್ತಿತ್ತು, ಪೇಪರಿಗೆ ಕೊನೇ ಪುಟ ಇತ್ತು. ಇಸ್ಪೀಟಿಗೂ ಕೂಡ ಜೇಬು ಖಾಲಿ ಆಗೋದು ಅಂತ ಒಂದು ಕೊನೆ ಇತ್ತು. ನಾವೀಗ ಕೂತಿರೋದು ಮಂಗಳವೇ ಇಲ್ಲದ ಹರಿಕಥೆಗೆ.

*

ಹಾಗಾದ್ರೆ ತಪ್ಪು ಯಾರದು?

ಇಲ್ಲಿ ಎರಡು ಸುಲಭದ ಉತ್ತರಗಳಿವೆ. ‘ನನಗೆ ಚಟ, ಇದು ಮೆದುಳಿನ ಕಾಯಿಲೆ, ಆ ಕಂಪನಿಗಳು ಹೀಗೆ ಮಾಡಿಬಿಟ್ಟಿವೆ’ ಅಂದ್ರೆ ನಾನು ಪಾರು. ‘ಎಲ್ಲ ಮನಸ್ಸಿನ ಹಿಡಿತದ ಮಾತು, ಗಟ್ಟಿ ಮನಸ್ಸಿದ್ದರೆ ಬಿಡಬಹುದು’ ಅಂದ್ರೆ ಕಂಪನಿ ಪಾರು. ನಾನು ಎರಡೂ ಕಡೆ ಕೂತವನು, ಹೆಬ್ಬೆರಳು ಆಡಿಸಿದವನು ನಾನೇ, ಕೋಡ್ ಬರೆದವನೂ ನಾನೇ. ಹಾಗಾಗಿ ಎರಡೂ ಉತ್ತರ ನನಗೆ ದಕ್ಕೋದಿಲ್ಲ.

ನನ್ನ ಮನಸ್ಸು ಗಟ್ಟಿ ಇಲ್ಲ ಅನ್ನೋದು ನಿಜ. ಆದ್ರೆ ನನ್ನ ಒಂದು ಮನಸ್ಸಿನ ಎದುರಿಗೆ ಕೂತಿರೋದು ನನ್ನಂತಹ ನೂರಾರು ಎಂಜಿನಿಯರುಗಳು, ಪ್ರತಿದಿನವೂ ಅಳೆದು ತೂಗಿ ತಿದ್ದೋ ಕೋಡು. ಇದು ಸಮಬಲದ ಕುಸ್ತಿ ಅಲ್ಲ. ಫೇಸ್‌ಬುಕ್ಕಿನ ಮೊದಲ ಅಧ್ಯಕ್ಷರಾಗಿದ್ದ ಶಾನ್ ಪಾರ್ಕರ್ 2017ರಲ್ಲಿ ಬಾಯಿಬಿಟ್ಟು ಹೇಳಿದರು: ಜನರ ಸಮಯ ಮತ್ತು ಗಮನವನ್ನ ಎಷ್ಟು ಸಾಧ್ಯವೋ ಅಷ್ಟು ಹೀರಿಕೊಳ್ಳೋದು ಹೇಗೆ ಅನ್ನೋದೇ ತಮ್ಮ ಯೋಚನೆಯಾಗಿತ್ತು, ಮನುಷ್ಯನ ಮನಸ್ಸಿನ ಒಂದು ದೌರ್ಬಲ್ಯವನ್ನ ಬಳಸಿಕೊಳ್ತಿದ್ದೇವೆ ಅಂತ ತಮಗೆ ಗೊತ್ತಿತ್ತು ಅಂತ. ಗೊತ್ತಿದ್ದು ಮಾಡಿದವರಿಗೆ ಗೊತ್ತಿಲ್ಲದೆ ಸಿಕ್ಕಿಬಿದ್ದವರಿಗಿಂತ ಹೆಚ್ಚಿನ ಹೊಣೆ ಇರಬೇಕು. ಅಳತೆಗೋಲು ಬದಲಾಗಬೇಕು, ನಿಯಮಗಳು ಬರಬೇಕು, ಏಳೋ ಜಾಗಗಳನ್ನ ವಾಪಸ್ ಕಟ್ಟಬೇಕು. ನಾವು ಎಂಜಿನಿಯರುಗಳು ಮೀಟಿಂಗಲ್ಲಿ ‘ಇದು ಬೇಡ’ ಅನ್ನೋ ಮಾತನ್ನ ಕಲೀಬೇಕು. ನಾನು ಅಂದಿರಲಿಲ್ಲ.

ಆದರೂ ಅವ್ವನಿಗೆ ‘ಹೂಂ’ ಅಂದ ಬಾಯಿ ನನ್ನದು. ಯಂತ್ರ ನನ್ನನ್ನ ಸೆಳೆದಿರಬಹುದು. ಆದ್ರೆ ‘ಅವ್ವನ ಫೋನು ತಾನೇ, ಆಲಿಸದಿದ್ರೂ ನಡೆಯುತ್ತೆ’ ಅಂತ ಅಂದುಕೊಂಡದ್ದು ನಾನು. ಅದೇ ಹೊತ್ತಲ್ಲಿ ಮ್ಯಾನೇಜರ್ ಕರೆ ಮಾಡಿದ್ದರೆ ಎರಡೂ ಕಿವಿ ಕೊಟ್ಟು ಕೂರ್ತಿದ್ದೆ, ಕೈಗೆ ಪೆನ್ನು ತಗೊಳ್ತಿದ್ದೆ. ಚಟ ಅನ್ನೋದು ನನ್ನನ್ನ ಪೂರ್ತಿ ಕುರುಡು ಮಾಡಿರಲಿಲ್ಲ ಅನ್ನೋದಕ್ಕೆ ಇದೇ ಸಾಕ್ಷಿ. ಯಾರ ಮುಂದೆ ಕುರುಡಾಗಬಹುದು ಅಂತ ನಾನು ಆರಿಸಿಕೊಂಡಿದ್ದೆ. ಇದನ್ನ ಒಪ್ಪಿಕೊಳ್ಳೋಕೆ ನನಗೆ ಬಹಳ ದಿನ ಬೇಕಾಯ್ತು.

ಋಗ್ವೇದದ ಹತ್ತನೇ ಮಂಡಲದ 34ನೇ ಸೂಕ್ತ ಒಬ್ಬ ಜೂಜುಕೋರನ ಅಳಲು. ಹೆಂಡತಿ ದೂರವಾಗಿದ್ದಾಳೆ, ಎಲ್ಲೆಲ್ಲೋ ಅಲೆಯೋ ಮಗನಿಗಾಗಿ ತಾಯಿ ಕೊರಗ್ತಾಳೆ. ಇನ್ನು ಹೋಗಲ್ಲ ಅಂತ ಅವನು ನಿಶ್ಚಯ ಮಾಡ್ತಾನೆ. ದಾಳ ಉರುಳೋ ಸದ್ದು ಕಿವಿಗೆ ಬಿದ್ದರೆ ಸಾಕು, ಹೊರಟುಬಿಡ್ತಾನೆ. ಮೂರು ಸಾವಿರ ವರ್ಷದಷ್ಟು ಹಳೇ ನೋಟಿಫಿಕೇಶನ್ ಶಬ್ದ ಅದು! ಕೊನೆಯ ಹೊತ್ತಿಗೆ ಅವನಿಗೆ ಒಂದು ಬುದ್ಧಿಮಾತು ಬರುತ್ತೆ. ಜೂಜು ಬಿಟ್ಟು ಬೇಸಾಯ ನೋಡಿಕೋ, ನಿನ್ನ ದನವೂ ಹೆಂಡತಿಯೂ ಇರೋದು ಅಲ್ಲೇ ಅನ್ನೋ ಅರ್ಥದ್ದು. ಕೆಂಪಿ ಹೋದ ಮೇಲೆ ಇದನ್ನ ಓದಿದವನು ನಾನು. ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟು ಕೂತಿದ್ದೆ. ಆಟ ಬಿಡು ಅನ್ನೋದರ ಜೊತೆಗೇ ನಿನ್ನವರು ಎಲ್ಲಿದ್ದಾರೆ ನೋಡು ಅಂತಲೂ ಅವನಿಗೆ ಹೇಳ್ತಾರೆ. ಬರೀ ಬಿಡು ಅಂದಿದ್ದರೆ ಅವನು ಮತ್ತೆ ಹೋಗ್ತಿದ್ದ ಅನ್ಸುತ್ತೆ.

*

ನಾನು ಬಿಟ್ಟೆನಾ? ಇಲ್ಲ. ಸಂಕ್ರಾಂತಿಯಾದ ಮೇಲೆ ಆ್ಯಪ್ ಅಳಿಸಿದೆ. ನಾಲ್ಕನೇ ದಿನ ಬ್ರೌಸರಿನಿಂದ ಲಾಗಿನ್ ಆಗಿದ್ದೆ. ದೊಡ್ಡಪ್ಪನಿಗಿಂತ ನನ್ನ ಕಷ್ಟ ಒಂದು ರೀತೀಲಿ ಹೆಚ್ಚು. ಅವರು ಇಸ್ಪೀಟು ಕಟ್ಟನ್ನ ಬಾವಿಗೆ ಎಸೆದು ಬದುಕಬಹುದಿತ್ತು. ನನಗೆ ಓಟಿಪಿ ಬರೋದು, ತರಕಾರಿಯವನಿಗೆ ದುಡ್ಡು ಕೊಡೋದು, ಆಫೀಸಿನ ಲಾಗಿನ್, ಎಲ್ಲ ಆ ಕಟ್ಟಿನೊಳಗೇ. ಅವ್ವನ ಕರೆಯೂ ಅದರೊಳಗಿಂದಲೇ ಬರುತ್ತೆ.

ಹಾಗಾಗಿ ಈಗ ದೊಡ್ಡ ಪ್ರತಿಜ್ಞೆ ಏನಿಲ್ಲ. ಚಾರ್ಜರನ್ನ ಮಲಗೋ ಕೋಣೆಯಿಂದ ಹಾಲ್‌ಗೆ ತಂದಿದೀವಿ. ಮನುಷ್ಯರು ಕಳಿಸಿದ ಸಂದೇಶ ಬಿಟ್ಟು ಉಳಿದೆಲ್ಲ ನೋಟಿಫಿಕೇಶನ್ ಬಂದ್. ಅವ್ವನ ಕರೆ ಬಂದಾಗ ಇಯರ್‌ಫೋನ್ ಹಾಕಿ, ಫೋನನ್ನ ಜೇಬಿಗಿಟ್ಟು, ಟೆರೇಸಿಗೆ ಹೋಗ್ತೀನಿ. ಎರಡೂ ಕೈ ಖಾಲಿ ಇರಬೇಕು, ಅಷ್ಟೇ ನಿಯಮ. ಮೊದಲ ವಾರ ಆ ಖಾಲಿ ಕೈಗಳನ್ನ ಏನು ಮಾಡಬೇಕು ಅಂತಲೇ ಗೊತ್ತಾಗ್ತಿರಲಿಲ್ಲ, ಟ್ಯಾಂಕಿನ ಪೈಪು ಹಿಡ್ಕೊಂಡು ನಿಲ್ತಿದ್ದೆ.

ಇಷ್ಟರಿಂದ ಎಲ್ಲರದ್ದೂ ಸರಿಹೋಗುತ್ತೆ ಅಂತ ಹೇಳಲ್ಲ. ನಿದ್ದೆ, ಓದು, ಕೆಲಸ, ಸಂಬಂಧ ಒಂದೊಂದಾಗಿ ಕೈಬಿಡ್ತಾ ಇದ್ದು, ನಿಲ್ಲಿಸಬೇಕು ಅಂದರೂ ನಿಲ್ಲಿಸೋಕಾಗ್ತಿಲ್ಲ ಅಂದ್ರೆ, ಕಾಯಿಲೆಯ ಪಟ್ಟಿಗೆ ಹೆಸರು ಬರಲಿ ಅಂತ ಕಾಯಬೇಡಿ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇಂಥವರಿಗಾಗಿ ‘ಶಟ್’ ಅನ್ನೋ ಕ್ಲಿನಿಕ್ ಇದೆ. ಅಲ್ಲಿಗೆ ಹೋಗೋಕೆ ಆಗದಿದ್ರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ದೊಡ್ಡಪ್ಪನ ಕಾಲಕ್ಕೆ ನಮ್ಮ ಮನೇಲಿ ಅವರಿಗೆ ಬೈದವರು ಎಲ್ಲರೂ, ಡಾಕ್ಟರ್ ಹತ್ತಿರ ಕರ್ಕೊಂಡು ಹೋದವರು ಯಾರೂ ಇಲ್ಲ. ತಪ್ಪಿದೆ ಅಂತ ಬೈಯೋದು, ಕಾಯಿಲೆ ಅಂತ ಕೈಹಿಡಿಯೋದು ಎರಡೂ ಒಟ್ಟಿಗೆ ಇರಬಹುದು ಅನ್ನೋದು ನಮಗೆ ಆಗ ಹೊಳೆದಿರಲಿಲ್ಲ.

ಉಳಿದವರಿಗೆ, ಅಂದ್ರೆ ನನ್ನ ಹಾಗೆ ನಡುಮೆಟ್ಟಿಲಲ್ಲಿ ನಿಂತವರಿಗೆ, ನಮ್ಮೂರಿನ ಆ ಹಳೇ ಪ್ರಶ್ನೆಯೇ ಸಾಕು. ಗಂಟೆ ಲೆಕ್ಕ ಬೇಡ. ನಿಮ್ಮವರು ಕರೆದಾಗ ತಲೆ ಎತ್ತುತ್ತೀರಾ? ಎದ್ದು ಬರ್ತೀರಾ?

ಅವ್ವನಿಗೆ ಈಗ ನನ್ನ ಮೇಲೆ ನಂಬಿಕೆ ಪೂರ್ತಿ ವಾಪಸ್ ಬಂದಿಲ್ಲ. ಮಾತಿನ ನಡುವೆ ಪರೀಕ್ಷೆ ಮಾಡ್ತಾಳೆ. ‘ಮಳೆ ಬಂತು, ತೆಂಗಿಗೆ ಗೊಬ್ಬರ ಹಾಕಿಸ್ದೆ, ಬೆಳಗ್ಗೆ ನಮ್ಮ ಹುಂಜ ಮೊಟ್ಟೆ ಇಡ್ತು, ನಿಮ್ಮಪ್ಪಂಗೆ ಮಂಡಿ ಎಣ್ಣೆ ತಂದೆ’ ಅಂತ ಒಂದೇ ರಾಗದಲ್ಲಿ ಹೇಳ್ಕೊಂಡು ಹೋಗ್ತಾಳೆ. ನಾನು ‘ಹುಂಜವಾ?’ ಅಂತ ತಡೆದರೆ ಅವಳು ನಗೋದು ಕೇಳುತ್ತೆ.

ಹೋದ ಮಂಗಳವಾರ ಆಫೀಸಿನ ಒಂದು ತಲೆನೋವು ತಲೇಲಿತ್ತು. ಟೆರೇಸಲ್ಲೇ ಇದ್ದೆ, ಕೈಯೂ ಖಾಲಿ ಇತ್ತು. ಅವಳೇನೋ ಅಂದಳು, ನಾನು ‘ಹೂಂ’ ಅಂದೆ. ಆ ಕಡೆ ಮಾತು ನಿಂತಿತು.

‘ಏನಂದೆ ಹೇಳು ನೋಡೋಣ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ‘ಇನ್ನೊಂದ್ಸಲ ಹೇಳವ್ವ’ ಅಂದೆ.

ಅವಳು ಮೊದಲಿಂದ ಹೇಳಿದಳು.